ಇಂದ್ರನಿಗೆ ಎಷ್ಟು ಪಾಯಿಂಟ್?

ಭಾನುವಾರ ಮಧ್ಯಾಹ್ನ ಊಟ ಮುಗಿದ ಹೊತ್ತು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಒಳ್ಳೆಯದಲ್ಲ. ಎಲ್ಲರೂ ಮಲಗಿಕೊಂಡೇ ಟೈಪ್ ಮಾಡುತ್ತಾರೆ. ಹಾಗೆ ಮಲಗಿದ್ದ ಶಿರಸಿ ಚಿಕ್ಕಮ್ಮ ಎಲ್ಲಿಂದಲೋ ಬಂದದ್ದನ್ನು ಗುಂಪಿಗೆ ತಳ್ಳಿದರು. ತಲೆಯ ಮೇಲೆ ಆ ಜೋಡಿ ಬಾಣದ ಗುರುತು. ಅಂದರೆ ಊರೆಲ್ಲ ಸುತ್ತಿ ಬಂದ ಸರಕು.

"ಪೋಷಕರೇ ಎಚ್ಚರ!! ಕಳೆದ ತಿಂಗಳು ಒಂದು ವಿದೇಶಿ ಕಂಪನಿ ನಮ್ಮ ದೇವರುಗಳಿಗೆ ಪಾಯಿಂಟ್ ಹಾಕಿ ಪುಸ್ತಕ ಬಿಟ್ಟಿದೆ. ಇಂದ್ರನಿಗೆ ಇಷ್ಟು, ಯಮನಿಗೆ ಇಷ್ಟು. ಡ್ರ್ಯಾಗನ್ ಜೊತೆ ಸೇರಿ ದೇವರನ್ನೇ ಕೊಲ್ಲಬಹುದಂತೆ. ಬೆಂಗಳೂರಿನ ಹಾಸ್ಟೆಲ್‌ಗಳಲ್ಲಿ ಮಕ್ಕಳು ತಾವೇ ದೇವರಾಗಿ ಹೊಸ ಲೋಕ ಸೃಷ್ಟಿ ಮಾಡುತ್ತಿದ್ದಾರೆ. ಕನಿಷ್ಠ 10 ಗುಂಪಿಗೆ ಕಳಿಸಿ."

ಕೆಳಗೆ ಚಿಕ್ಕಮ್ಮನ ಸ್ವಂತದ್ದೊಂದು ಸಾಲು: "ನಮ್ಮ ಪುಟ್ಟನೂ ಏನೋ ಲೋಕ ಮಾಡ್ತಾ ಇದ್ದೀನಿ ಅಂದಿದ್ದ ಅಲ್ವಾ?" ಆಮೇಲೆ ಕೈಮುಗಿದ ಚಿತ್ರ.

ಪುಟ್ಟ ಅಂದರೆ ಹಾಸನದ ಅಕ್ಕನ ಮಗ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಮದುವೆಮನೆಯಲ್ಲಿ ಮೂಲೆ ಹಿಡಿದು ಕೂರುವ ಹುಡುಗ. ಅವನ ಹೆಸರು ಬಂದದ್ದೇ ತಡ, ಸಾಗರದ ದೊಡ್ಡಪ್ಪ ಎದ್ದು ಕೂತರು. ದೊಡ್ಡಪ್ಪ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವರು. ನಿವೃತ್ತಿ ಆಗಿರುವುದು ಸಂಬಳಕ್ಕೆ ಮಾತ್ರ.

ದೊಡ್ಡಪ್ಪ: ಸೃಷ್ಟಿ ಬ್ರಹ್ಮನ ಕೆಲಸ. ಇವರು ಮೊದಲು ಎದ್ದ ಹಾಸಿಗೆ ಮಡಿಸುವುದನ್ನು ಕಲಿಯಲಿ.

ಮೈಸೂರಿನ ಭಾವ: ಮೂಲ?

ಮೈಸೂರಿನ ಭಾವ ದೊಡ್ಡಪ್ಪನ ಅಳಿಯ. ಬ್ಯಾಂಕಿನಲ್ಲಿದ್ದವರು. ಸಹಿ ಹೋಲದ ಚೆಕ್ಕುಗಳನ್ನು ಜೀವಮಾನವಿಡೀ ವಾಪಸ್ ಕಳಿಸಿದ ಕೈ ಅದು. ಗುಂಪಿಗೆ ಯಾರು ಏನು ಹಾಕಿದರೂ ಅವರ ಉತ್ತರ ಆ ಒಂದು ಪದ ಮತ್ತು ಪ್ರಶ್ನಾರ್ಥಕ ಚಿಹ್ನೆ. ಅವತ್ತು ಸ್ವಲ್ಪ ಮುಂದುವರಿದರು.

ಭಾವ: ಯಾವ ಕಂಪನಿ, ಯಾವ ಪುಸ್ತಕ, ಎಷ್ಟನೇ ಪುಟ? 2016ರಲ್ಲಿ 2000 ರೂಪಾಯಿ ನೋಟಿನೊಳಗೆ ಚಿಪ್ ಇದೆ ಅಂತ ಇದೇ ಗುಂಪಿಗೆ ಹಾಕಿದವರು ಯಾರು ಅಂತ ನಾನು ಹೇಳುವುದಿಲ್ಲ.

ಹೇಳುವ ಅಗತ್ಯವೇ ಇರಲಿಲ್ಲ.

ದೊಡ್ಡಪ್ಪ: ಆ ಚಿಪ್ಪಿನ ವಿಷಯ ನನಗೆ ಕಳಿಸಿದ್ದೇ ಒಬ್ಬ ಬ್ಯಾಂಕಿನವರು, ಅಳಿಯಂದಿರೇ.

ಇಂದ್ರ ಅಲ್ಲಿಗೆ ಹಿಂದೆ ಬಿದ್ದ. ಬ್ಯಾಂಕಿನವರೆಲ್ಲ ಒಂದೇ ಅಲ್ಲ ಎಂದು ಭಾವ, ನಾನು ಹಾಗೆ ಅಂದೆನಾ ಎಂದು ದೊಡ್ಡಪ್ಪ. ಚಿಕ್ಕಮ್ಮ ನಡುವೆ ಬಂದು "ನನಗೆ ಬಂತು, ಕಳಿಸಿದೆ ಅಷ್ಟೇ" ಎಂದು ನೋಟಿನ ಹಗರಣದಿಂದಲೂ ಕೈ ತೊಳೆದುಕೊಂಡರು. ಅದರಲ್ಲಿ ಅವರ ಪಾತ್ರವೇ ಇರಲಿಲ್ಲ.

ಆಗ ಪುಟ್ಟ ಬಂದ. ಗುಂಪಿನಲ್ಲಿ ಹುಟ್ಟುಹಬ್ಬಕ್ಕೆ 'ಥ್ಯಾಂಕ್ಸ್' ಬಿಟ್ಟು ಬೇರೇನೂ ಬರೆಯದವನು ಉದ್ದದ ಮೆಸೇಜ್ ಹಾಕಿದ. ಅದನ್ನು ಇಲ್ಲಿ ಪೂರ್ತಿ ಹಾಕುತ್ತೇನೆ. ಗುಂಪಿನಲ್ಲಿ ಯಾರೂ ಓದಲಿಲ್ಲ.

ಪುಟ್ಟ: ಅಜ್ಜ, ಪುಸ್ತಕ ನಿಜ. ಕಳೆದ ತಿಂಗಳದ್ದಲ್ಲ, 1980ರದ್ದು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂತ ಆಟ, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ದಾಳ ಹಾಕಿ ಆಡೋದು, ಅಮೆರಿಕದಲ್ಲಿ 1974ರಲ್ಲಿ ಶುರುವಾಯಿತು. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅಂತ ಇಬ್ಬರು ಮಾಡಿದ್ದು. ಅದಕ್ಕಾಗಿ ಬಂದ ದೇವರುಗಳ ಪುಸ್ತಕದಲ್ಲಿ ಗ್ರೀಕರು, ಈಜಿಪ್ಟಿನವರು, ನಮ್ಮವರು ಎಲ್ಲ ಇದ್ದಾರೆ. ಇಂದ್ರ, ಅಗ್ನಿ, ವರುಣ, ಯಮ, ವಿಷ್ಣು, ಲಕ್ಷ್ಮಿ. ಎಲ್ಲರಿಗೂ ಹಿಟ್ ಪಾಯಿಂಟ್ ಇದೆ, ಅಂದರೆ ಎಷ್ಟು ಪೆಟ್ಟು ತಡೆದುಕೊಳ್ತಾರೆ ಅನ್ನೋ ಲೆಕ್ಕ. ಕಾದಂಬರಿಕಾರರು ಹುಟ್ಟಿಸಿದ ದೇವರುಗಳೂ ಮೊದಲ ಮುದ್ರಣದಲ್ಲಿದ್ದರು. ಹಕ್ಕುಗಳ ತಕರಾರು ಬಂದು ಅವರಲ್ಲಿ ಕೆಲವರನ್ನು ಆಮೇಲೆ ತೆಗೆದರು. ಇಂದ್ರನ ಪರ ಯಾರೂ ತಕರಾರು ಮಾಡಲಿಲ್ಲ, ಉಳಿದುಕೊಂಡ. ನಾನು ಆಡೋದು ಇದಲ್ಲ, ಬೇರೆ.

ದೊಡ್ಡಪ್ಪ ಓದಿದ್ದು ಎರಡು ಪದ: "ಪುಸ್ತಕ ನಿಜ."

ದೊಡ್ಡಪ್ಪ: ಕೇಳಿದಿರಾ ಅಳಿಯಂದಿರೇ? ಹುಡುಗನೇ ಒಪ್ಪಿಕೊಂಡ.

ಭಾವ ಓದಿದ್ದೂ ಅಷ್ಟೇ, ಬೇರೆ ಸಾಲು: "ಕಳೆದ ತಿಂಗಳದ್ದಲ್ಲ."

ಭಾವ: ನಲವತ್ತು ವರ್ಷ ಮೀರಿದ ಸುದ್ದಿ. ನಾನು ಹೇಳಲಿಲ್ಲವೇ?

ಅಮೆರಿಕದಲ್ಲಿರುವ ತಮ್ಮ ಅಷ್ಟೊತ್ತಿಗೆ ಎದ್ದ. ಅಲ್ಲಿ ಬೆಳಗಿನ ಕಾಫಿ ಸಮಯ. ಅವನು ಹೇಳಿದ್ದು ನನಗೆ ಹೊಸದು. 1980ರ ದಶಕದಲ್ಲಿ ಅಲ್ಲಿಯ ತಂದೆತಾಯಿಗಳೇ ಈ ಆಟದ ಮೇಲೆ ಮುಗಿಬಿದ್ದಿದ್ದರಂತೆ. ಇದು ಸೈತಾನನ ಪೂಜೆ, ಮಕ್ಕಳು ಹಾಳಾಗುತ್ತಾರೆ ಅಂತ ಗಲಾಟೆ. 1983ರಲ್ಲಿ ಇದರ ವಿರುದ್ಧವೇ ಒಂದು ಸಂಘ ಹುಟ್ಟಿತಂತೆ. "ಈಗ ಇಲ್ಲಿ ಲೈಬ್ರರಿಯಲ್ಲಿ ಕೂರಿಸಿ ಆಡಿಸ್ತಾರೆ ದೊಡ್ಡಪ್ಪ, ಬಿಸ್ಕತ್ತೂ ಕೊಡ್ತಾರೆ" ಎಂದು ಬರೆದ. ಇಲ್ಲಿಗೆ ನಿಲ್ಲಿಸಬಹುದಿತ್ತು. ಜೊತೆಗೆ ಆ ಆಟದ ರಾಕ್ಷಸನ ಚಿತ್ರ ಕಳಿಸಿದ. 1977ರ ಇನ್ನೊಂದು ಪುಸ್ತಕದ್ದು. ಹುಲಿಯ ತಲೆ. ಸಾಹೇಬರ ಕೋಟು ಹಾಕಿಕೊಂಡು ಕುರ್ಚಿಯಲ್ಲಿ ಆರಾಮಾಗಿ ಕೂತು ಪೈಪ್ ಸೇದುತ್ತಿದ್ದಾನೆ. ಮಂತ್ರಿಸಿದ ಬಾಣ ತಗುಲಿದರೆ ಸಾಕು, ಸಾಯುತ್ತಾನಂತೆ.

ಯಕ್ಷಗಾನದ ಬಣ್ಣದ ವೇಷ ನೋಡಿ ಬೆಳೆದವರ ಗುಂಪಿಗೆ ಪೈಪ್ ಸೇದುವ ರಾಕ್ಷಸ! ದೊಡ್ಡಪ್ಪ "ಇದು ರಾಕ್ಷಸ ಅಲ್ಲ, ಎಸ್ಟೇಟ್ ಮ್ಯಾನೇಜರ್" ಅಂದರು. ಅವತ್ತಿನ ಮಟ್ಟಿಗೆ ಎಲ್ಲರೂ ಒಪ್ಪಿದ ಮಾತು ಅದೊಂದೇ.

ಚಿಕ್ಕಮ್ಮ: ಹಂಗಾದ್ರೆ ಪುಟ್ಟ ಆಡೋದು ಯಾವುದು?

ಇದಕ್ಕೂ ಅವನು ಪಾಪ ವಿವರವಾಗಿ ಬರೆದ. ಡಾನ್ ಆಫ್ ವರ್ಲ್ಡ್ಸ್ ಅಂತ ಆಟ. ನಾಲ್ಕೈದು ಜನ ಒಂದು ದೊಡ್ಡ ಡ್ರಾಯಿಂಗ್ ಶೀಟ್ ಸುತ್ತ ಕೂರುತ್ತಾರೆ. ಒಬ್ಬೊಬ್ಬರೂ ಒಂದೊಂದು ದೇವರು. ಎರಡು ದಾಳ ಹಾಕಿ, ಬಿದ್ದಷ್ಟು ಶಕ್ತಿ ಸಿಗುತ್ತದೆ. ಅದನ್ನು ಖರ್ಚು ಮಾಡಿ ಬೆಟ್ಟ ಎಬ್ಬಿಸಬಹುದು, ಮಳೆ ತರಿಸಬಹುದು, ಜನಾಂಗ ಹುಟ್ಟಿಸಬಹುದು. ಮೊದಲ ಯುಗದಲ್ಲಿ ಬೆಟ್ಟ ಅಗ್ಗ, ಜನಾಂಗ ದುಬಾರಿ. ಎರಡನೇ ಯುಗದಲ್ಲಿ ನೆಲದ ರೇಟು ಏರಿ ಜನಾಂಗ ಅಗ್ಗವಾಗುತ್ತದೆ. ನಾನು ಕಷ್ಟಪಟ್ಟು ಎಬ್ಬಿಸಿದ ಬೆಟ್ಟದ ಬುಡದಲ್ಲಿ ಪಕ್ಕದವನು ತನ್ನ ಜನರನ್ನು ತಂದು ಕೂರಿಸಿದರೆ ಕೇಳುವ ಹಾಗಿಲ್ಲ.

ಭಾವ: ಇದು ನಮ್ಮ ಸಾಗರದ ತೋಟದ ಪಾಲಿನ ಕಥೆ.

ಈ ಸಾಲಿಗೆ ಯಾರೂ ಉತ್ತರ ಕೊಡಲಿಲ್ಲ. ಮೈಸೂರಿನ ಅಕ್ಕ ಟೈಪ್ ಮಾಡುತ್ತಿದ್ದಾರೆ ಅಂತ ತುಂಬಾ ಹೊತ್ತು ತೋರಿಸಿತು. ಮೆಸೇಜ್ ಬರಲೇ ಇಲ್ಲ.

ಆ ಮೌನ ಮುರಿಯಲು ಕುಮಟೆಯ ಅಣ್ಣ ನುಗ್ಗಿದ. ಅವನಿಗೆ ಯಾವ ವಿಷಯ ಕೊಟ್ಟರೂ ಬಾಲ್ಯಕ್ಕೇ ಹೋಗುತ್ತದೆ. "ಇದೆಲ್ಲ ಯಾಕ್ರೋ, ನಮ್ಮ ಚಂದಮಾಮ ಸಾಕಿತ್ತು. ಶಂಕರ್ ಬರೆದ ಆ ಚಿತ್ರ! ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಹಿಂದೆ ಸ್ಮಶಾನ. ಮಾಯೆ ಅಂದ್ರೆ ಅದು. ಬೇತಾಳ ಯಾಕೆ ಹಾರಿ ಹೋಗ್ತಾನೆ ಅಂತ ಯಾರಾದ್ರೂ ಪಾಯಿಂಟ್ ಲೆಕ್ಕ ಹಾಕಿದ್ವಾ?"

ಇಲ್ಲಿ ರುಚಿಯ ಜಗಳ ಸ್ವಲ್ಪ ಹತ್ತಿಕೊಂಡಿತು. ಮಾಯೆಗೂ ಲೆಕ್ಕ ಬೇಕು, ಇಲ್ಲದಿದ್ದರೆ ಲೇಖಕ ಸಿಕ್ಕಿಹಾಕಿಕೊಂಡಾಗೆಲ್ಲ ಮಂತ್ರದ ಕೋಲು ತೆಗೆಯುತ್ತಾನೆ ಎಂದು ಪುಟ್ಟ. ಲೆಕ್ಕ ಬಂದರೆ ಮಾಯೆ ಎಲ್ಲಿ ಉಳಿಯಿತು ಎಂದು ಕುಮಟೆಯ ಅಣ್ಣ. ತನ್ನ ಮಗಳಿಗೆ ಇವೆರಡೂ ಬೇಡ, ಡ್ರ್ಯಾಗನ್ ಬೆನ್ನ ಮೇಲೆ ಕೂತು ಪ್ರೀತಿ ಮಾಡುವ ದಪ್ಪ ಪುಸ್ತಕಗಳೇ ಬೇಕು ಎಂದು ಅಮೆರಿಕದ ತಮ್ಮ. ನನ್ನ ಮತ ಬೇತಾಳನಿಗೇ. ಆದರೆ ಆಮೇಲೆ ಪುಟ್ಟ ಹೇಳಿದ್ದು ಸರಿ ಇತ್ತು. ಸಂಸ್ಕೃತದಲ್ಲಿ ಬೇತಾಳನ ಕಥೆ ಇರುವುದು ಇಪ್ಪತ್ತೈದು. ಚಂದಮಾಮದಲ್ಲಿ ಬಂದದ್ದು ನೂರಾರು. ಕೈ ಬದಲಾದರೂ ವರ್ಷಗಟ್ಟಲೆ ಅದೇ ಮರಕ್ಕೆ ಹೊಸ ಕಥೆ ನೇತುಹಾಕಿದರು. "ಅದೂ ಹಂಚಿಕೊಂಡು ಕಟ್ಟಿದ ಲೋಕವೇ ಮಾಮ" ಎಂದ.

ಮಾಮ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವನ ತಲೆಗೆ ಬೇರೆಯೇ ಹೊಳೆದಿತ್ತು.

ಕುಮಟೆಯ ಅಣ್ಣ: ಅಂದ ಹಾಗೆ ಅಟ್ಟದ ಮೇಲಿನ ತಗಡಿನ ಟ್ರಂಕಿನಲ್ಲಿದ್ದ ಬೈಂಡ್ ಮಾಡಿಸಿದ ಚಂದಮಾಮಗಳು ಈಗ ಎಲ್ಲಿವೆ?

ದೊಡ್ಡಪ್ಪ: ಮೈಸೂರಿನಲ್ಲಿ ವಿಚಾರಿಸು.

ಭಾವ: ನಾನು ಒಯ್ದದ್ದು ಎರಡೇ ಸಂಪುಟ. ಒಂದು ವಾಪಸ್ ಕೊಟ್ಟಿದ್ದೇನೆ. ಉಳಿದವಕ್ಕೆ ಗೆದ್ದಲು ಹಿಡಿದಿತ್ತು. ಆಗಲೇ ಹೇಳಿದ್ದೆ.

ದೊಡ್ಡಪ್ಪ: ನಮ್ಮ ಮನೆಯಲ್ಲಿ ಗೆದ್ದಲು ಇಲ್ಲ.

ಚಿಕ್ಕಮ್ಮ: ಇತ್ತು ಭಾವಯ್ಯ. ನನ್ನ ಮದುವೆ ಸೀರೆ ತಿಂದಿತ್ತು.

ಇದು ಸಂಜೆಯವರೆಗೂ ನಡೆಯಿತು. ಗೆದ್ದಲು, ಸೀರೆ, ಆ ಸೀರೆಗೆ ಯಾರು ದುಡ್ಡು ಕೊಟ್ಟಿದ್ದು. ವಿವರ ಬೇಡ, ಇನ್ನೂ ಮಾತು ಬಿಟ್ಟಿರುವವರಿದ್ದಾರೆ.

ರಾತ್ರಿ ಹಾಸನದ ಅಕ್ಕ ಮಗನ ಪರ ನಿಂತಳು. ಅಕ್ಕ ಕನ್ನಡ ಪಾಠ ಮಾಡುತ್ತಾಳೆ. "ದೊಡ್ಡಪ್ಪ, ಕಥೆ ಬದಲಾಯಿಸುವುದು ಪಾಪ ಅಂದರೆ ಪಂಪನಿಗೆ ಏನು ಮಾಡೋಣ? 941ರಲ್ಲಿ ಬರೆದ ಭಾರತದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ. ಅರ್ಜುನನ ಜಾಗಕ್ಕೆ ತನ್ನ ದೊರೆ ಅರಿಕೇಸರಿಯನ್ನೇ ತಂದು ಕೂರಿಸಿದ" ಎಂದಳು. ದೊಡ್ಡಪ್ಪ "ಪಂಪನಿಗೆ ಅಧಿಕಾರ ಇತ್ತು" ಅಂದರು. ಯಾರು ಕೊಟ್ಟ ಅಧಿಕಾರ ಅಂತ ಕೇಳಿದ್ದಕ್ಕೆ ಊಟಕ್ಕೆ ಎದ್ದರು.

ಊಟ ಮಾಡಿ ಬಂದು ಹೊಸ ಅಸ್ತ್ರ ತೆಗೆದರು: "ಡ್ರ್ಯಾಗನ್ ನಮ್ಮದಲ್ಲ. ರೆಕ್ಕೆ ಇರುವ ಹಾವು ಚೀನಾದವರಿಗೆ, ಇಂಗ್ಲಿಷರಿಗೆ ಇರಲಿ." ಚೀನಾದ್ದಕ್ಕೆ ಸಾಮಾನ್ಯವಾಗಿ ರೆಕ್ಕೆಯೇ ಇರುವುದಿಲ್ಲ, ಅದಿರಲಿ. ಪುಟ್ಟ ಹಾಸನದವನಲ್ಲವೇ, ಬೇಲೂರಿನ ಫೋಟೋಗಳನ್ನು ಸುರಿದ. ಮೊದಲು ಮಕರ. ಆನೆಯ ಸೊಂಡಿಲು, ಮೊಸಳೆಯ ಬಾಯಿ, ಹಂದಿಯ ಮೈ, ಹಿಂದೆ ಗೋಡೆ ತುಂಬುವಷ್ಟು ನವಿಲಿನ ಬಾಲ. ಆಮೇಲೆ ಇನ್ನೊಂದು ಕಲ್ಲು. ಒಂದನ್ನೊಂದು ಹಿಡಿದ ಪ್ರಾಣಿಗಳ ಸಾಲು. ಹಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭನನ್ನು ಗಂಡಭೇರುಂಡ.

ಪುಟ್ಟ: ಇದು ಪಾಯಿಂಟ್ ಅಲ್ಲದೆ ಮತ್ತೇನು ಅಜ್ಜ?

ದೊಡ್ಡಪ್ಪ: ಇದು ತಮಾಷೆಯ ವಿಷಯವಲ್ಲ. ಹಿರಣ್ಯಕಶಿಪುವನ್ನು ಸೀಳಿದ ಮೇಲೂ ನರಸಿಂಹನ ಉಗ್ರ ಇಳಿಯಲಿಲ್ಲ. ಶಿವ ಶರಭನಾಗಿ ಬಂದು ಇಳಿಸಿದ. ಲಿಂಗಪುರಾಣ ಓದು.

ಈಗ ಒಂದು ಮಾತು ಹೇಳಬೇಕು. ಮೈಸೂರಿನ ಭಾವ ಮಾಧ್ವರು, ವಿಷ್ಣುವೇ ಎಲ್ಲರಿಗಿಂತ ದೊಡ್ಡವನು ಅನ್ನುವವರು. ನಾವು ಸ್ಮಾರ್ತರು, ಶಿವ ವಿಷ್ಣು ಇಬ್ಬರಿಗೂ ಕೈಮುಗಿಯುವವರು. ಮದುವೆಯ ಸಮಯದಲ್ಲಿ ಇದು ಸಣ್ಣ ಗಲಾಟೆಯಾಗಿತ್ತು. ಆಮೇಲೆ ಎಲ್ಲರೂ ಮರೆತಿದ್ದೆವು ಅಂದುಕೊಂಡಿದ್ದೆವು.

ಭಾವ: ಮಾವ, ಅರ್ಧ ಕಥೆ ಹೇಳಬೇಡಿ. ಆಮೇಲೆ ನರಸಿಂಹ ಗಂಡಭೇರುಂಡನಾಗಿ ಆ ಶರಭನನ್ನೇ ಹಿಡಿದು ಹಾಕಿದ.

ದೊಡ್ಡಪ್ಪ: ಮೂಲ?

ಗುಂಪು ಸ್ತಬ್ಧ. ಯಾರಿಗೂ ನಗುವ ಚಿತ್ರ ಹಾಕುವ ಧೈರ್ಯ ಇಲ್ಲ. ಜೀವಮಾನವಿಡೀ ರಸೀತಿ ಕೇಳಿದ ಮನುಷ್ಯನಿಂದ ಕೊನೆಗೆ ಉತ್ತರ ಬಂತು.

ಭಾವ: ಸರ್ಕಾರದ ಲಾಂಛನ ನೋಡಿ. ಯಾರಿದ್ದಾರೆ ಅದರಲ್ಲಿ? ಶರಭನೊಬ್ಬನೇ ಇದ್ದಾನಾ?

ದೊಡ್ಡಪ್ಪ: ಲಾಂಛನ ಪುರಾಣವಲ್ಲ.

ಭಾವ: ಫಾರ್ವರ್ಡೂ ಪುರಾಣವಲ್ಲ.

ಒಂದು ಪಂಥದವರು ಒಂದು ಪ್ರಾಣಿ ತಂದರೆ, ಎದುರಿನವರು ಅದಕ್ಕಿಂತ ದೊಡ್ಡದನ್ನು ತಂದರು. ಪುಟ್ಟನ ಹಾಸ್ಟೆಲ್ ರೂಮಿನಲ್ಲಿ ನಡೆಯುವುದೂ ಇದೇ ಅಲ್ವಾ ಅಂತ ನಾನು ಬರೆಯಲು ಹೊರಟೆ. ಅಷ್ಟರಲ್ಲಿ 'ಗುಂಪು ತೊರೆದರು' ಎಂಬ ಸಾಲು ಬಂತು. ಹೋದವನು ಪುಟ್ಟ.

ಅವನು ಹೋದದ್ದು ಮರುದಿನ ಚಿಕ್ಕಮ್ಮನ ಕಣ್ಣಿಗೆ ಬಿತ್ತು. ನೀವು ಹೀಯಾಳಿಸಿದ್ದಕ್ಕೇ ಹೋದ ಎಂದು ಭಾವ, ನೀವು ಪ್ರಾಣ ತಿಂದದ್ದಕ್ಕೇ ಹೋದ ಎಂದು ದೊಡ್ಡಪ್ಪ. ಅದು ಈಗಲೂ ನಡೆಯುತ್ತಿದೆ. ನಾನು ಅವನಿಗೇ ಫೋನ್ ಮಾಡಿದೆ. ಬೇಜಾರೇನೂ ಇಲ್ಲ ಚಿಕ್ಕಿ, ಇಂಟರ್ನಲ್ಸ್ ಪರೀಕ್ಷೆ ಇದೆ, ಮೊಬೈಲ್ ಬಡಿದುಕೊಳ್ತಾ ಇತ್ತು ಅಂದ.

ಆಮೇಲೆ ಮೆಲ್ಲಗೆ ಇನ್ನೊಂದು ವಿಷಯ ಹೇಳಿದ. ಅವರ ಲೋಕಕ್ಕೆ ಹೊಸ ದೇವರುಗಳು ಸೇರಿದ್ದಾರಂತೆ. ಒಬ್ಬನ ಗುಡಿಯಲ್ಲಿ ಹರಕೆ ಹೇಳುವ ಮೊದಲು ದಾಖಲೆ ತೋರಿಸಬೇಕು. ಇನ್ನೊಬ್ಬನ ಭಕ್ತರು ಬೆಳಿಗ್ಗೆ ಐದಕ್ಕೆ ಎದ್ದು ಊರಿಗೆಲ್ಲ ಶುಭೋದಯ ಹೇಳಬೇಕು, ಹಾಸಿಗೆ ಮಡಿಸಬೇಕು. ಇಬ್ಬರ ಜಗಳದಲ್ಲಿ ನಕ್ಷೆಯ ಮಧ್ಯೆ ದೊಡ್ಡ ಬೆಟ್ಟಸಾಲು ಎದ್ದಿದೆ. ಅದನ್ನು ಹತ್ತಿ ಹೋಗುವ ದಾರಿ ಕಡಿಯುವಷ್ಟು ಪಾಯಿಂಟ್ ಯಾರ ಹತ್ತಿರವೂ ಇಲ್ಲವಂತೆ. ಸದ್ಯಕ್ಕೆ ಅದನ್ನು ದಾಟುವುದು ಒಬ್ಬ ದೇವಿ ಸಾಕಿದ ಹಕ್ಕಿಗಳು ಮಾತ್ರ. ಯಾರು ಯಾವ ಓಲೆ ಕೊಟ್ಟರೂ ಬಿಚ್ಚಿ ನೋಡದೆ ಹತ್ತು ಊರಿಗೆ ಮುಟ್ಟಿಸುತ್ತವಂತೆ.