ಮಂಜುಗಡ್ಡೆಯ ಮೇಲೆ ನಿಂತ ಪೆಂಗ್ವಿನ್‌ನ ಕಾಲು ಹೆಪ್ಪುಗಟ್ಟುವುದಿಲ್ಲವೇಕೆ?

ಪ್ರಶ್ನೆ – ಶಿಕ್ಷಕಿ, ಸಿಂಧನೂರು
ಎಲ್ಲರಿಗೂ ನಮಸ್ಕಾರ. ಏಳನೆಯ ತರಗತಿಯಲ್ಲಿ ಅಂಟಾರ್ಕ್ಟಿಕಾದ ಪೆಂಗ್ವಿನ್‌ಗಳು ಚರ್ಮದಡಿಯ ಕೊಬ್ಬಿನಿಂದ ಚಳಿ ತಡೆಯುತ್ತವೆ ಎಂದು ಹೇಳುತ್ತಿದ್ದಾಗ ಒಬ್ಬಳು ಹುಡುಗಿ ಎದ್ದು, "ಟೀಚರ್, ಕಾಲಿಗೆ ಕೊಬ್ಬೂ ಇಲ್ಲ, ಪುಕ್ಕಾನೂ ಇಲ್ಲ, ಮತ್ತ ಕಾಲು ಹೆಂಗ ಉಳೀತಾವ?" ಎಂದು ಕೇಳಿದಳು. ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ದಯವಿಟ್ಟು ತಿಳಿಸಿ.

ಉತ್ತರ – ಜೀವಶಾಸ್ತ್ರ ಉಪನ್ಯಾಸಕ, ಬಳ್ಳಾರಿ
ಮೇಡಂ, ಬಹಳ ಒಳ್ಳೆಯ ಪ್ರಶ್ನೆ. ಪೆಂಗ್ವಿನ್‌ನ ಕಾಲಿನಲ್ಲಿ ಬಿಸಿರಕ್ತವನ್ನು ಪಾದಕ್ಕೆ ಇಳಿಸುವ ಅಪಧಮನಿಗಳೂ ತಣ್ಣನೆಯ ರಕ್ತವನ್ನು ಮೇಲಕ್ಕೆ ಒಯ್ಯುವ ಅಭಿಧಮನಿಗಳೂ ಒಂದಕ್ಕೊಂದು ತಾಗಿಕೊಂಡಿರುತ್ತವೆ. ಇಳಿಯುವ ರಕ್ತ ತನ್ನ ಶಾಖವನ್ನು ಏರುವ ರಕ್ತಕ್ಕೆ ದಾಟಿಸುವುದರಿಂದ ಆ ಶಾಖ ಮಂಜಿನ ಪಾಲಾಗದೆ ಒಡಲಿಗೆ ಮರಳುತ್ತದೆ. ಪಾದಕ್ಕೆ ಹೆಪ್ಪುಗಟ್ಟದಷ್ಟು, ಅಂದರೆ ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲಿನ ಬಿಸಿ ಮಾತ್ರ ಉಳಿಯುತ್ತದೆ. ಚಳಿ ತೀರಾ ಏರಿದಾಗ ಎಂಪರರ್ ಪೆಂಗ್ವಿನ್ ಬೆರಳುಗಳನ್ನು ಮೇಲೆತ್ತಿ, ಹಿಮ್ಮಡಿ ಮತ್ತು ಬಾಲದ ಮೇಲೆ ಭಾರ ಹಾಕಿ ನಿಲ್ಲುವುದೂ ಉಂಟು. ಕೊಬ್ಬಿನ ಮಾತಿಗೆ ಒಂದು ತಿದ್ದುಪಡಿ: ನೆಲದ ಮೇಲಿರುವಾಗ ಚಳಿಯನ್ನು ಹೆಚ್ಚಾಗಿ ತಡೆಯುವುದು ಪುಕ್ಕಗಳ ನಡುವೆ ಸಿಕ್ಕಿಕೊಂಡ ಗಾಳಿ. ಕೊಬ್ಬು ಅದಕ್ಕೆ ನೆರವು, ಜೊತೆಗೆ ಉಪವಾಸದ ದಿನಗಳಿಗೆ ಬುತ್ತಿ.

ಉತ್ತರ – ಕುಷ್ಟಗಿ
ನಮ್ಮದು ಕುರಿ ಸಾಕುವ ಮನೆತನ. ಮಾಗಿಯ ರಾತ್ರಿ ಹೊಲದಲ್ಲಿ ಹಟ್ಟಿ ಹಾಕಿದಾಗ ಮೈಗೆ ಮೈ ಒತ್ತಿ ಮಲಗಿದ ಕುರಿಗಳ ನಡುವೆ ಕೈಯಿಟ್ಟರೆ ಬೆಚ್ಚಗಿರುತ್ತದೆ, ಅಂಚಿನ ಕುರಿಯ ಉಣ್ಣೆಯ ಮೇಲೆ ಇಬ್ಬನಿ ಕೂತಿರುತ್ತದೆ. ಎಂಪರರ್ ಗಂಡುಗಳೂ ಸುಮಾರು 65 ದಿನ ಒಂದೇ ಮೊಟ್ಟೆಯನ್ನು ಪಾದದ ಮೇಲೆ ಹೊತ್ತು, ಏನೂ ತಿನ್ನದೆ, ಹೀಗೆಯೇ ಒತ್ತಿಕೊಂಡು ನಿಲ್ಲುತ್ತವೆ. ಆದರೆ ಅವು ಆಗಾಗ 5–10 ಸೆಂ.ಮೀ. ಹೆಜ್ಜೆ ಸರಿಸುತ್ತ ಇಡೀ ಗುಂಪನ್ನೇ ಕದಲಿಸುವುದರಿಂದ ಅಂಚಿನವಕ್ಕೂ ಒಳಗಿನ ಬಿಸಿ ದೊರೆಯುತ್ತದೆ.

ಮೇಡಂ, ತರಗತಿಗೆ ಒಂದು ಹಳೆಯ ಕಂಬಳಿ ಒಯ್ಯಿರಿ. ಬಿಸಿನೀರಿನ ಒಂದು ಬಾಟಲಿಯನ್ನು ಒಣ ತುಂಡಿನಲ್ಲಿ, ಇನ್ನೊಂದನ್ನು ಒದ್ದೆ ತುಂಡಿನಲ್ಲಿ ಸುತ್ತಿಡಿ. ಪೆಂಗ್ವಿನ್ ಬಾಲದ ಬುಡದ ಎಣ್ಣೆಯನ್ನು ಕೊಕ್ಕಿನಿಂದ ಪುಕ್ಕಕ್ಕೆ ಸವರಿಕೊಂಡು ನೀರು ಒಳಗಿಳಿಯದಂತೆ ಏಕೆ ಕಾಯ್ದುಕೊಳ್ಳುತ್ತದೆ ಎಂಬುದು ಮಕ್ಕಳ ಅಂಗೈಗೇ ತಿಳಿಯುತ್ತದೆ.

ಉತ್ತರ – ರಾಯಚೂರು
ಎಲ್ಲ ಪೆಂಗ್ವಿನ್‌ಗಳೂ ಮಂಜಿನಲ್ಲಿಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಿ. ಗ್ಯಾಲಪಗೋಸ್ ಪೆಂಗ್ವಿನ್ ಇರುವುದು ಭೂಮಧ್ಯರೇಖೆಯ ಬಳಿ. ದಕ್ಷಿಣ ಆಫ್ರಿಕಾ ಮತ್ತು ನಮೀಬಿಯಾದ ಕರಾವಳಿಯಲ್ಲಿರುವ ಆಫ್ರಿಕನ್ ಪೆಂಗ್ವಿನ್ ಸೆಕೆಯಾದಾಗ ಕಣ್ಣಿನ ಮೇಲಿನ ಗುಲಾಬಿ ಬಣ್ಣದ ಬರಿಯ ಚರ್ಮಕ್ಕೆ ಹೆಚ್ಚು ರಕ್ತ ಹರಿಸಿ ಮೈ ತಂಪು ಮಾಡಿಕೊಳ್ಳುತ್ತದೆ. ನಮ್ಮ ಬಿಸಿಲನ್ನು ಬಲ್ಲ ಮಕ್ಕಳಿಗೆ ಇದು ಬೇಗ ಅರ್ಥವಾದೀತು.

ಶಿಕ್ಷಕಿ, ಸಿಂಧನೂರು
ಎಲ್ಲರಿಗೂ ಧನ್ಯವಾದಗಳು. ಕಂಬಳಿ ಮನೆಯಲ್ಲೇ ಇದೆ. ಸೋಮವಾರ ಬಾಟಲಿಗಳನ್ನು ಆ ಹುಡುಗಿಯ ಕೈಯಿಂದಲೇ ಸುತ್ತಿಸುತ್ತೇನೆ.