ಪದಚರ್ಚೆ: ಟೈಪ್ ಮಾಡಿದ 5 ಬರಹವೋ, ಸಂಖ್ಯೆಯೋ?

ನಮಸ್ಕಾರ. ಹೈಸ್ಕೂಲ್ ಮಕ್ಕಳಿಗಾಗಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪಾಠ ಬರೆಯುತ್ತಿದ್ದೇನೆ, ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು. ಪೈಥಾನ್ 3ರಲ್ಲಿ ಟೈಪ್ ಮಾಡಿದ್ದನ್ನು ಓದುವ ಇನ್‌ಪುಟ್ ಆಜ್ಞೆ ಕೊಡುವುದು ಯಾವಾಗಲೂ ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು. 5, 5 ಒತ್ತಿ ಕೂಡಿಸಿದರೆ 10 ಬರಲ್ಲ, 55 ಬರುತ್ತದೆ. ಸ್ಟ್ರಿಂಗನ್ನು ಪೂರ್ಣ ಸಂಖ್ಯೆ ಮಾಡುವ ಇಂಟ್ ಹಾಕಿದರೆ ಸರಿಹೋಗುತ್ತದೆ. ಈ ಸ್ಟ್ರಿಂಗ್‌ಗೆ, ಈ ಬದಲಾವಣೆಗೆ ಏನನ್ನಲಿ? 'ತಂತು' ಅಂದರೆ ವೀಣೆ ನೆನಪಾಗುತ್ತದೆ.

—

ಅಕ್ಷರಮಾಲೆ. ಪೂರ್ಣಾಂಕ ಪರಿವರ್ತನೆ. ಪೂರ್ಣಾಂಕ ಶಾಲೆಯ ಗಣಿತದಲ್ಲೇ ಇದೆ. ಹೊಸದಾಗಿ ಕಟ್ಟುವ ಗೋಜೇಕೆ?

—

> ಪೂರ್ಣಾಂಕ ಪರಿವರ್ತನೆ

ಇದರಲ್ಲಿ ಕನ್ನಡ ಎಲ್ಲಿದೆ? ಮೊದಲು ಇನ್‌ಪುಟ್ ಸರಿಮಾಡಿ. ಉಣ್ಣು, ಊಟ, ಊಡು ಎಲ್ಲ ಒಂದೇ ಬೇರಿನವು. ಹಳಗನ್ನಡದಲ್ಲಿ ಊಡು ಎಂದರೆ ಉಣಿಸು. ಕಂಪ್ಯೂಟರಿಗೆ ಉಣಿಸುವುದು ಊಡಿಕೆ.

—

ಅವರು ಕೇಳಿದ್ದು ಸ್ಟ್ರಿಂಗ್. ನೀವು ಬಡಿಸಿದ್ದು ಊಟ.

ಅಕ್ಷರಮಾಲೆ ಅಂದರೆ ಮಕ್ಕಳು ಅ ಆ ಇ ಈ ಅಂತ ಶುರು ಮಾಡುತ್ತಾರೆ, ಬೇಡ. ಬ್ಯಾಂಕ್ ಚಲನ್‌ನಲ್ಲಿ 'ಅಂಕಿಯಲ್ಲಿ', 'ಅಕ್ಷರದಲ್ಲಿ' ಅಂತ ಎರಡು ಜಾಗ ಇರುತ್ತವಲ್ಲ, ಅಲ್ಲೂ ಅಕ್ಷರ ಅಂದರೆ 'ಐದು' ಅಂತ ಬರೆಯುವುದು. ಇಲ್ಲಿ ಮಗು ಒತ್ತಿದ್ದು ಅಂಕಿಯನ್ನೇ. ಅಂಕಿ ಬರೀ ಗುರುತು, ಸಂಖ್ಯೆ ಅದರ ಬೆಲೆ. ಹಾಗಾಗಿ ಸುಮ್ನೆ ಹೀಗೆ ಬರೆಯಿರಿ: 'ಟೈಪ್ ಮಾಡಿದ್ದು ಬರಹ. ಇಂಟ್ ಅದನ್ನು ಸಂಖ್ಯೆ ಮಾಡುತ್ತದೆ.' ಬದಲಾವಣೆಗೆ ಬೇರೆ ನಾಮಪದವೇ ಬೇಡ.

ಮಗು 'ಐದು' ಅಂತ ಟೈಪ್ ಮಾಡಿದರೆ ಇಂಟ್ ವ್ಯಾಲ್ಯೂಎರರ್ ಎಂಬ ತಪ್ಪಿನ ಸೂಚನೆ ಕೊಡುತ್ತದೆ. ಆಗ ಪರದೆಯ ಮೇಲೆ 'ಅಂಕಿಯಲ್ಲಿ ಬರೆಯಿರಿ' ಅಂತ ತೋರಿಸಿ. ಕನ್ನಡದ ೫ ಒತ್ತಿದರೂ ಇಂಟ್ ಒಪ್ಪುತ್ತದೆ, ಯೂನಿಕೋಡ್ ಅಂಕಿಗಳು ಅದಕ್ಕೆ ಗೊತ್ತು. ಇದನ್ನು ಪಾಠದಲ್ಲಿ ಖಂಡಿತ ಹಾಕಿ, ಮಕ್ಕಳಿಗೆ ಮಜಾ ಬರುತ್ತದೆ.

—

ಸಂಖ್ಯೆ ಸಂಸ್ಕೃತ. ಅಂಕಿಯೂ ಅಂಕದಿಂದ ಬಂದದ್ದೇ. ಎಣಿಕೆ ಅನ್ನಿ.

—

ಎಣಿಕೆ ಅಂದರೆ ಕೌಂಟ್. ಮಗು -3 ಒತ್ತಿದರೆ ಏನನ್ನು ಎಣಿಸಲಿ? ಸಾಲ ತಂದ ಪದ ಬೇಡ ಅನ್ನುವವರು ಕುರ್ಚಿ, ಕಾಗದ, ಸಾಬೂನನ್ನೂ ಮನೆಯಿಂದ ಆಚೆ ಹಾಕಲಿ.

—

ಕುರ್ಚಿ ಜನ ಆಡಿ ಆಡಿ ಒಳಗೆ ಬಂದದ್ದು. ಪರಿವರ್ತನೆ ಪಂಡಿತರು ತಂದು ಹೇರಿದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

—

ಬರಹ, ಸಂಖ್ಯೆ ಹಾಕಿದೆ. ಸ್ಟ್ರಿಂಗ್, ಇಂಟ್ ಕೋಡಿನಲ್ಲಿ ಹೇಗಿದ್ದರೂ ಇರುತ್ತವೆ. ಊಡಿಕೆ ಬಿಟ್ಟೆ, ಕ್ಷಮಿಸಿ. 5.5 ಒತ್ತಿದರೆ ಇಂಟ್ ಒಪ್ಪಲ್ಲ, ಫ್ಲೋಟ್ ಬೇಕು. ಅದಕ್ಕೆ 'ದಶಮಾಂಶ ಸಂಖ್ಯೆ' ನಡೆಯುತ್ತದೆ ಅಲ್ವಾ? ಬೆಳಿಗ್ಗೆಯೊಳಗೆ ತಿಳಿಸಿ.