ಪಾಲಿಶ್ ಪುಡಿ ಡಾಂಬರಿಗೆ: ಟೆಂಡರ್‌ಗೆ ಮೊದಲೇ ಕೇಳೋಣ

ಮೂಲೆಮನೆ, 2ನೇ ಕ್ರಾಸ್: ನಿನ್ನೆ ರಾತ್ರಿಯೂ ಯಾರೋ ಶಹಾಬಾದ್ ಕಲ್ಲು ಪಾಲಿಶ್ ಮಾಡುವಾಗ ಬರುವ ಪುಡಿ ತಂದು ನಾಲಾ ಪಕ್ಕ ಸುರಿದಿದ್ದಾರೆ. ಗಾಳಿ ಬಿಟ್ಟರೆ ಒಣಹಾಕಿದ ಬಟ್ಟೆಯೆಲ್ಲ ಬೂದಿ ಬಣ್ಣ. ಅತ್ತೆಯವರಿಗೆ ದಮ್ಮು ಜಾಸ್ತಿಯಾಗಿದೆ.

ಕಾರ್ಯದರ್ಶಿ: ಅಕ್ಕಾ, ಫೋಟೋ ಇಲ್ಲೇ ಹಾಕಿ. ನಮ್ಮ ರಸ್ತೆಗೆ ಡಾಂಬರು ಮಂಜೂರಾಗಿದೆ, ಟೆಂಡರ್ ಇನ್ನೂ ಕರೆದಿಲ್ಲ. ಈ ಪುಡಿಯನ್ನೇ ಅದರಲ್ಲಿ ಬಳಸಿ ಅಂತ ಮನವಿ ಕೊಟ್ಟರೆ ಹೇಗೆ?

ಕಿರಾಣಿ ಅಂಗಡಿ, 3ನೇ ಕ್ರಾಸ್: ಬೇಡ ಅಣ್ಣಾ. ಹೋದ ವರ್ಷ ಇದೇ ಪುಡಿ ಗುಂಡಿಗೆ ಹಾಕಿದ್ದರಲ್ಲ, ಮೊದಲ ಮಳೆಗೇ ರಾಡಿ. ಬೈಕ್ ಜಾರಿ ಜನ ಬಿದ್ದರು.

ನಿವೃತ್ತ ಇಂಜಿನಿಯರ್: ಅದು ಬರೀ ಪುಡಿ, ರಾಡಿಯಾಗದೆ ಇನ್ನೇನು? ಹಾಟ್ ಮಿಕ್ಸ್ ಪ್ಲಾಂಟ್‌ನಲ್ಲಿ ಬಿಸಿ ಖಡಿ, ಡಾಂಬರಿನ ಜೊತೆ ಕಲೆಸುವುದು ಬೇರೆ ಮಾತು. ಖಡಿ ನಡುವಿನ ಸಂದಿ ತುಂಬಲು ಹೇಗೂ ನುಣ್ಣನೆ ಪುಡಿ ಬೇಕು, ಫಿಲ್ಲರ್ ಅಂತಾರೆ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಗ್ರಾನೈಟ್‌ಗಿಂತ ಇದಕ್ಕೆ ಡಾಂಬರು ಗಟ್ಟಿಯಾಗಿ ಅಂಟುತ್ತದೆ, ನೀರಿಗೆ ಬೇಗ ಬಿಟ್ಟುಕೊಳ್ಳುವುದಿಲ್ಲ. ಕೇಂದ್ರ ಹೆದ್ದಾರಿ ಸಚಿವಾಲಯದ ನಿಯಮದಲ್ಲೂ ಕಲ್ಲಿನ ಪುಡಿಗೆ ಅವಕಾಶವಿದೆ. ಆದರೆ ನೂರಕ್ಕೆ 85 ಪಾಲಾದರೂ 75 ಮೈಕ್ರಾನ್‌ನ ಅತಿ ಸಣ್ಣ ಕಣ್ಣಿನ ಜರಡಿಯಲ್ಲಿ ಇಳಿಯಬೇಕು, ಜಿಗುಟು ಮಣ್ಣು ಸೇರಿರಬಾರದು. ಅದಕ್ಕೇ ನಾಲಾ ಪಕ್ಕದ ರಾಶಿ ನಡೆಯುವುದಿಲ್ಲ. ಪಾಲಿಶ್ ಘಟಕದ ಹೊಂಡದಿಂದಲೇ ತೆಗೆದು, ಒಣಗಿಸಿ, ಗಂಟು ಒಡೆದು ಜರಡಿ ಹಿಡಿಯಬೇಕು. ಪುಡಿ ಅತಿಯಾದರೂ ರಸ್ತೆ ಬಿರುಕು ಬಿಡುತ್ತದೆ.

ಕಿರಾಣಿ ಅಂಗಡಿ: ಒಡೆದ ಚೂರುಗಳೂ ಗುಡ್ಡೆ ಬಿದ್ದಿವೆ ಸರ್. ಅವು?

ನಿವೃತ್ತ ಇಂಜಿನಿಯರ್: ಅವು ಹಲಗೆ ಹಾಗೆ ಚಪ್ಪಟೆ, ರೋಲರ್ ಅಡಿ ಮುರಿಯುತ್ತವೆ. ಡಾಂಬರಿಗೆ ಬೇಡ.

ಮೂಲೆಮನೆ: ನಮ್ಮ ರಸ್ತೆ ಮಾಡಿದರೆ ರಾಶಿ ಖಾಲಿ ಆಗುತ್ತಾ ಸರ್?

ನಿವೃತ್ತ ಇಂಜಿನಿಯರ್: ಇಲ್ಲಮ್ಮ. 500 ಮೀಟರ್ ಉದ್ದ, 5 ಮೀಟರ್ ಅಗಲ, 3 ಸೆಂ.ಮೀ. ದಪ್ಪ ಅಂದರೆ ಸುಮಾರು 180 ಟನ್ ಮಿಶ್ರಣ. ನೂರಕ್ಕೆ 5 ಪಾಲು ಹಿಡಿದರೂ ಪುಡಿ 9 ಟನ್, ಒಂದು ಟಿಪ್ಪರ್ ಅಷ್ಟೇ. ಹಾಗಾಗಿ ಊರಿನ ಎಲ್ಲ ಡಾಂಬರು ಕೆಲಸಕ್ಕೂ ಕೇಳಬೇಕು.

ಕಾರ್ಯದರ್ಶಿ: ಮನವಿಗೆ ಹೀಗೆ ಬರೆದಿದ್ದೇನೆ: ‘ಟೆಂಡರ್‌ಗೆ ಮೊದಲು ಪುಡಿಯನ್ನು ಲ್ಯಾಬ್‌ಗೆ ಕಳಿಸಿ. ಪುಡಿ ಸೇರಿಸಿದ ಡಾಂಬರು ಮಿಶ್ರಣ ಮಾರ್ಷಲ್ ಟೆಸ್ಟ್‌ನಲ್ಲಿ (ಗಟ್ಟಿತನದ ಪರೀಕ್ಷೆ) ಪಾಸಾದರೆ ಮಾತ್ರ ಊರಿನ ರಸ್ತೆಗಳಿಗೆ ಬಳಸಿ. ರಾತ್ರಿ ಸುರಿಯುವುದನ್ನು ಈಗಲೇ ನಿಲ್ಲಿಸಿ.’ ಸಹಿ ಭಾನುವಾರ ಬೆಳಿಗ್ಗೆ 10ಕ್ಕೆ, ಪಾರ್ಕ್ ಗೇಟ್ ಹತ್ತಿರ.

ಮೂಲೆಮನೆ: ನಮ್ಮ ಓಣಿಯ ಸಹಿ ನಾನು ಮಾಡಿಸುತ್ತೇನೆ.

ಕಿರಾಣಿ ಅಂಗಡಿ: ಒಂದು ಘಟಕದ ಮಾಲೀಕರು ನನ್ನ ಗಿರಾಕಿ. ಹೊಂಡದ ಪುಡಿ ಎರಡು ಚೀಲ ಕೇಳಿ ತರುತ್ತೇನೆ. ಲ್ಯಾಬ್‌ಗೆ ಸಾಕಲ್ವಾ ಸರ್?

ನಿವೃತ್ತ ಇಂಜಿನಿಯರ್: ಸಾಕು. ಮಣ್ಣು ತಾಗದ ಹಾಗೆ ತುಂಬಿಸಿ.